ಉಪ್ಪಿನ ಬಟ್ಟಲು ಖಾಲಿಯಾಗಿದ್ದರೆ ಉಪ್ಪು ಬಿದ್ದಿದೆ

ಪ್ರಶ್ನೆ: ನನ್ನ ಪತ್ನಿಗೆ 38 ವರ್ಷ. ಹಾಸನ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಎಂಟು ತಿಂಗಳ ಹಿಂದೆ ನನ್ನ ಸ್ಕೂಟರಿನ ಹಿಂದೆ ಕುಳಿತು ಬರುವಾಗ ಬಿದ್ದು ತಲೆಗೆ ಪೆಟ್ಟಾಯಿತು. ನಾಲ್ಕು ದಿನ ಪ್ರಜ್ಞೆ ಇರಲಿಲ್ಲ. ಈಗ ಓಡಾಡುತ್ತಾಳೆ, ಚೆನ್ನಾಗಿ ಮಾತನಾಡುತ್ತಾಳೆ, ಹಳೆಯದೆಲ್ಲ ನೆನಪಿದೆ, ಇತ್ತೀಚಿನ ಸಿ.ಟಿ. ಸ್ಕ್ಯಾನ್ ಕೂಡ ಸರಿಯಾಗಿದೆ ಎಂದಿದ್ದಾರೆ. ಆದರೆ ಒಲೆಯ ಮೇಲಿಟ್ಟ ಹಾಲು ಮರೆಯುತ್ತದೆ, ಸಾರಿಗೆ ಎರಡು ಬಾರಿ ಉಪ್ಪು ಬೀಳುತ್ತದೆ, ಮಾತ್ರೆ ತೆಗೆದುಕೊಂಡದ್ದು ತಿಳಿಯುವುದಿಲ್ಲ. ಮನೆಗೆ ನಾಲ್ಕು ಜನ ಬಂದರೆ ಏನೂ ತೋಚದೆ ಸಿಟ್ಟಾಗುತ್ತಾಳೆ. ನೆನಪು ಚುರುಕಾಗಲಿ ಎಂದು ನಾನು ದಿನಾ ಸಂಜೆ ‘ಬೆಳಿಗ್ಗೆ ಏನು ತಿಂಡಿ ತಿಂದೆ, ಯಾರು ಬಂದಿದ್ದರು’ ಎಂದು ಕೇಳುತ್ತೇನೆ, ಅಳುತ್ತಾಳೆ. ನಮ್ಮ ಅಕ್ಕ ಇದನ್ನು ನಾಟಕ ಎನ್ನುತ್ತಾರೆ. ಸುಡೊಕು, ಮೊಬೈಲಿನ ನೆನಪಿನ ಆಟ, ಬ್ರಾಹ್ಮಿ ಇವುಗಳಿಂದ ಪ್ರಯೋಜನವಿದೆಯೇ? ಶಾಲೆಗೆ ಮರಳುವುದು ಸಾಧ್ಯವೇ?

ಉತ್ತರ: ಮೊದಲು ನಿಮ್ಮ ಅಕ್ಕನವರ ಮಾತನ್ನು ತೆಗೆದುಕೊಳ್ಳೋಣ, ಏಕೆಂದರೆ ಈ ಅನುಮಾನ ಮನೆಯಲ್ಲಿ ಉಳಿದಿರುವವರೆಗೆ ಬೇರಾವ ಉಪಾಯವೂ ನಾಟುವುದಿಲ್ಲ. ತಲೆಬುರುಡೆಯ ಒಳತಳ ನುಣುಪಾಗಿಲ್ಲ. ಹಣೆಯ ಹಿಂದೆ ಮತ್ತು ಕಿವಿಗಳ ಮುಂದೆ ಅದು ಒರಟು ಮೂಳೆಯ ಏಣುಗಳಿಂದ ಕೂಡಿದೆ. ವೇಗದಲ್ಲಿದ್ದ ತಲೆ ನೆಲಕ್ಕೆ ಬಡಿದು ಥಟ್ಟನೆ ನಿಂತಾಗ ಮೆದುಳು ಈ ಏಣುಗಳಿಗೆ ಉಜ್ಜಿಕೊಳ್ಳುತ್ತದೆ. ಆದ್ದರಿಂದಲೇ ಪೆಟ್ಟು ಎಲ್ಲಿಗೇ ಬಿದ್ದಿರಲಿ, ಕೆಲಸವನ್ನು ಯೋಜಿಸುವ ಫ್ರಾಂಟಲ್ ಭಾಗವೂ ಹೊಸ ನೆನಪನ್ನು ಕೂಡಿಡುವ ಟೆಂಪೊರಲ್ ಭಾಗವೂ ಹೆಚ್ಚಾಗಿ ಗಾಯಗೊಳ್ಳುತ್ತವೆ. ಇದರ ಜೊತೆಗೆ ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ಸೂಕ್ಷ್ಮ ನರತಂತುಗಳು ಜಗ್ಗಿ, ಕೆಲವು ಕಡಿದುಹೋಗುತ್ತವೆ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಮೂಳೆ ಮುರಿತವನ್ನೂ ಚೆನ್ನಾಗಿ ತೋರಿಸುತ್ತದೆ. ಈ ತಂತುಗಳ ಹಾನಿಯನ್ನು ಬಹುಮಟ್ಟಿಗೆ ತೋರಿಸುವುದಿಲ್ಲ. ಸ್ಕ್ಯಾನ್ ಸರಿಯಿದೆ ಎಂದರೆ ಈಗ ಶಸ್ತ್ರಚಿಕಿತ್ಸೆ ಬೇಕಾದಂಥದ್ದು ಏನೂ ಇಲ್ಲ ಎಂದು ಅರ್ಥವೇ ಹೊರತು ಮೆದುಳು ಮೊದಲಿನಂತೆ ಕೆಲಸ ಮಾಡುತ್ತಿದೆ ಎಂದಲ್ಲ.

ಮಾತು ಸರಿಯಿದ್ದೂ ಕೆಲಸ ಕೆಡುವುದು ಕೂಡ ವಿಚಿತ್ರವಲ್ಲ. 1991ರಲ್ಲಿ ಲಂಡನ್ನಿನ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜಸ್ ಎಂಬ ನರಮನೋವಿಜ್ಞಾನಿಗಳು ತಲೆಗೆ ಪೆಟ್ಟಾಗಿ ಫ್ರಾಂಟಲ್ ಭಾಗ ಗಾಯಗೊಂಡಿದ್ದ ಮೂವರನ್ನು ಪರೀಕ್ಷಿಸಿದರು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮೂವರೂ ಉತ್ತಮ ಅಂಕ ಪಡೆದವರು. ಆದರೆ ಒಂದು ಪಟ್ಟಿ ಕೊಟ್ಟು ಅಂಗಡಿ ಬೀದಿಗೆ ಕಳುಹಿಸಿದಾಗ ಸಣ್ಣಪುಟ್ಟ ಖರೀದಿಗಳಲ್ಲಿಯೇ ಅವರು ಎಡವಿದರು. ಪರೀಕ್ಷೆಯ ಮೇಜಿನ ಮುಂದೆ ಯಾವುದನ್ನು ಯಾವಾಗ ಮಾಡಬೇಕೆಂದು ಪರೀಕ್ಷಕರು ಹೇಳುತ್ತಾರೆ. ಬೀದಿಯಲ್ಲಿ, ಅಡುಗೆಮನೆಯಲ್ಲಿ, ಅದನ್ನು ನಾವೇ ನಮಗೆ ಹೇಳಿಕೊಳ್ಳಬೇಕು. ಸಂಭಾಷಣೆಯೂ ಹಾಗೆಯೇ: ಎದುರಿನವರ ಮಾತೇ ಮುಂದಿನ ಮಾತಿಗೆ ದಾರಿ ತೋರಿಸುತ್ತದೆ. ಒಲೆಯ ಮೇಲಿನ ಹಾಲು ಮಾತ್ರ ಉಕ್ಕುವವರೆಗೆ ಸುಮ್ಮನಿರುತ್ತದೆ.

ಎರಡನೆಯದಾಗಿ, ದಯವಿಟ್ಟು ಸಂಜೆಯ ಆ ಪ್ರಶ್ನೋತ್ತರವನ್ನು ಇಂದೇ ನಿಲ್ಲಿಸಿ. ನಿಮ್ಮ ಉದ್ದೇಶ ಒಳ್ಳೆಯದು ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ನೆನಪು ವ್ಯಾಯಾಮದಿಂದ ಬಲಿಯುವ ತೋಳಿನಂತಲ್ಲ. ತಡಕಾಡಿ ಹೊರತೆಗೆಯುವಂತೆ ಒತ್ತಾಯಿಸಿದ ಮಾತ್ರಕ್ಕೆ ನೆನಪಿನ ಶಕ್ತಿ ಹೆಚ್ಚುವುದಿಲ್ಲ. ಇನ್ನೂ ಒಂದು ಅಪಾಯವಿದೆ. ತೀವ್ರ ನೆನಪಿನ ತೊಂದರೆ ಇರುವವರು ಉತ್ತರ ತಿಳಿಯದೆ ಊಹಿಸಿ ತಪ್ಪು ಹೇಳಿದರೆ, ಆ ತಪ್ಪೇ ಮನಸ್ಸಿನಲ್ಲಿ ಕೂರುತ್ತದೆ, ಏಕೆಂದರೆ ‘ಇದು ತಪ್ಪೆಂದು ಆಗ ತಿದ್ದಿದ್ದರು’ ಎಂಬುದು ನೆನಪಿರುವುದಿಲ್ಲ. ಅಲನ್ ಬ್ಯಾಡ್‌ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ಇದನ್ನು ತೋರಿಸಿಕೊಟ್ಟರು: ಊಹಿಸಲು ಬಿಟ್ಟು ಕಲಿಸುವುದಕ್ಕಿಂತ ಆರಂಭದಿಂದಲೂ ಸರಿಯುತ್ತರವನ್ನೇ ಒದಗಿಸಿ, ತಪ್ಪಿಗೆ ಎಡೆಯೇ ಇಲ್ಲದಂತೆ ಕಲಿಸಿದಾಗ ಇಂಥವರು ಹೆಚ್ಚು ಕಲಿತರು. ಆದುದರಿಂದ ‘ಬೆಳಿಗ್ಗೆ ಏನು ತಿಂದೆ?’ ಎನ್ನುವ ಬದಲು ‘ಬೆಳಿಗ್ಗೆ ಅಕ್ಕಿರೊಟ್ಟಿ ಮಾಡಿದ್ದೆವಲ್ಲ, ಆಗ ಪಕ್ಕದ ಮನೆಯವರು ಬಂದಿದ್ದರು’ ಎಂದು ನೀವೇ ಹೇಳಿ ಮಾತು ಮುಂದುವರಿಸಿ. ‘ನೆನಪಿಲ್ಲವೇ?’ ಎಂಬ ಪದ ಮನೆಯಲ್ಲಿ ಕೇಳಿಸದಿದ್ದರೆ ಅರ್ಧ ಅಳು ತಾನೇ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಉಪಾಯಗಳಿಗೆ ಹೋಗುವ ಮೊದಲು ಕೆಲವನ್ನು ವೈದ್ಯರಲ್ಲಿ ವಿಚಾರಿಸಿ ಬಗೆಹರಿಸಿಕೊಳ್ಳಬೇಕು. ನಿದ್ರೆ ಸರಿಯಿದೆಯೇ, ಖಿನ್ನತೆ ಇದೆಯೇ, ಫಿಟ್ಸಿನ ಮಾತ್ರೆಯೋ ನಿದ್ರೆಯ ಮಾತ್ರೆಯೋ ಮಂಕು ತರುತ್ತಿದೆಯೇ, ಥೈರಾಯ್ಡ್ ಮತ್ತು ಬಿ-12 ಮಟ್ಟ ಹೇಗಿದೆ ಎಂಬುದನ್ನು ನೋಡಬೇಕು. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತರುವ ಕೆಲವು ಮಾತ್ರೆಗಳು ಕೂಡ ಗಮನವನ್ನು ಮಬ್ಬುಗೊಳಿಸುತ್ತವೆ. ತಲೆಪೆಟ್ಟಿನ ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆ. ಸುಧಾರಿಸುತ್ತಿದ್ದವರು ಹಿಂದಕ್ಕೆ ಹೋಗುವುದು ಅದರ ಸಹಜ ಕ್ರಮವಲ್ಲ, ಹಾಗಾದರೆ ತಡಮಾಡದೆ ತೋರಿಸಿ.

ಇನ್ನೊಂದನ್ನು ನೀವು ಬರೆದಿಲ್ಲ, ಆದರೆ ಅಡುಗೆಮನೆಯ ಮಾತು ಬಂದಿರುವುದರಿಂದ ಕೇಳಲೇಬೇಕು: ನಿಮ್ಮ ಪತ್ನಿಗೆ ವಾಸನೆ ತಿಳಿಯುತ್ತದೆಯೇ? ಮೂಗಿನ ಮೇಲ್ಭಾಗದ ತೂತುತೂತಾದ ತೆಳು ಮೂಳೆಯ ಮೂಲಕ ಹಾದುಹೋಗುವ ವಾಸನೆಯ ನರದ ಎಳೆಗಳು ಇಂಥ ಪೆಟ್ಟಿನಲ್ಲಿ ಕಡಿದುಹೋಗುವುದುಂಟು, ಮತ್ತು ಎಷ್ಟೋ ಮಂದಿ ಇದನ್ನು ತಿಂಗಳುಗಟ್ಟಲೆ ಗಮನಿಸಿಯೇ ಇರುವುದಿಲ್ಲ. ಕಣ್ಣು ಮುಚ್ಚಿಸಿ ಕಾಫಿಪುಡಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ. ತಿಳಿಯದಿದ್ದರೆ ಸೀದ ಹಾಲು, ಹಳಸಿದ ಸಾರು, ಸೋರುವ ಗ್ಯಾಸ್ ಯಾವುದೂ ಅವರಿಗೆ ಎಚ್ಚರಿಕೆ ಕೊಡುವುದಿಲ್ಲ. ಆಗ ಗ್ಯಾಸ್ ಸೋರಿಕೆಯನ್ನು ಸದ್ದು ಮಾಡಿ ತಿಳಿಸುವ ಉಪಕರಣವನ್ನು ಸಿಲಿಂಡರಿನ ಹತ್ತಿರ ಗೋಡೆಯ ಕೆಳಭಾಗದಲ್ಲಿ ಹಾಕಿಸಿ. ಅಡುಗೆಯ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಬಳಿಯಲ್ಲೇ ಶೇಖರವಾಗುತ್ತದೆ. ಫ್ರಿಜ್ಜಿನಲ್ಲಿಡುವ ಪ್ರತಿ ಡಬ್ಬಿಯ ಮೇಲೂ ತಾರೀಖು ಬರೆದಿಡುವುದು ಮನೆಯವರೆಲ್ಲರ ರೂಢಿಯಾಗಲಿ.

ಈಗ ಮುಖ್ಯ ವಿಷಯ. ನಿಮ್ಮ ಪತ್ನಿಯ ತಲೆಯಲ್ಲಿ ನಿಲ್ಲದ ನೆನಪನ್ನು ತಲೆಯೊಳಗೇ ತುಂಬಲು ಹೋಗದೆ, ಕೆಲಸ ನಡೆಯುವ ಜಾಗದಲ್ಲಿಯೇ ಇಡಬೇಕು. ಮಾಡಿದ ಪ್ರತಿಯೊಂದು ಕೆಲಸವೂ ಕಣ್ಣಿಗೆ ಕಾಣುವ ಗುರುತೊಂದನ್ನು ಬಿಟ್ಟುಹೋಗುವಂತೆ ಏರ್ಪಾಡು ಮಾಡುವುದೇ ಇದರ ಗುಟ್ಟು. ಉಪ್ಪನ್ನೇ ತೆಗೆದುಕೊಳ್ಳಿ. ಡಬ್ಬಿಯಿಂದ ನೇರವಾಗಿ ಸಾರಿಗೆ ಹಾಕಿದರೆ ಹಾಕಿದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಡಬ್ಬಿ ಮೊದಲಿನಂತೆಯೇ ತುಂಬಿರುತ್ತದೆ. ಅದರ ಬದಲು ಒಲೆ ಹಚ್ಚುವ ಮೊದಲೇ ಅಳತೆಯ ಉಪ್ಪನ್ನು ಪುಟ್ಟ ಬಟ್ಟಲಿಗೆ ಹಾಕಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಲಿ. ಬಟ್ಟಲು ಖಾಲಿಯಾಗಿದ್ದರೆ ಉಪ್ಪು ಬಿದ್ದಿದೆ, ತುಂಬಿದ್ದರೆ ಇಲ್ಲ. ಮಾತ್ರೆಗೂ ಇದೇ ತರ್ಕ: ವಾರದ ಏಳು ದಿನಕ್ಕೆ, ದಿನದ ಹೊತ್ತುಗಳಿಗೆ ಬೇರೆ ಬೇರೆ ಗೂಡುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಭಾನುವಾರ ನೀವಿಬ್ಬರೂ ಕುಳಿತು ತುಂಬಿಸಿ. ಪೆಟ್ಟಿಗೆಯನ್ನು ಬೀರುವಿನಲ್ಲಿಡದೆ ರಾತ್ರಿ ಊಟಕ್ಕೆ ಕೂರುವ ಜಾಗದಲ್ಲಿಯೇ ಇಡಿ. ‘ಎಂಟು ಗಂಟೆಗೆ’ ಎಂಬುದಕ್ಕಿಂತ ‘ಊಟದ ತಟ್ಟೆ ತೆಗೆದ ಕೂಡಲೇ’ ಎಂಬುದು ಸುಲಭವಾಗಿ ನೆನಪಿಗೆ ಬರುತ್ತದೆ, ಏಕೆಂದರೆ ಗಂಟೆಯನ್ನು ನಾವಾಗಿ ಗಮನಿಸುತ್ತಿರಬೇಕು, ತಟ್ಟೆ ತಾನಾಗಿ ಎದುರಿಗಿರುತ್ತದೆ.

ಕುಕ್ಕರಿನ ಕೂಗನ್ನು ಎಣಿಸುವುದು ಸಣ್ಣ ಕೆಲಸವೆಂದು ತೋರಬಹುದು, ಆದರೆ ಪಲ್ಯ ಹೆಚ್ಚುತ್ತ ಎಣಿಕೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಅವರ ಪಾಲಿಗೆ ಎರಡು ಕೊಡ ಹೊತ್ತು ನಡೆದಂತೆ. ಕಟ್ಟೆಯ ಮೇಲೆ ಮೂರು ಹುಣಸೆಬೀಜ ಇಟ್ಟುಕೊಂಡು, ಒಂದೊಂದು ಕೂಗಿಗೂ ಒಂದೊಂದನ್ನು ಪಕ್ಕಕ್ಕೆ ಸರಿಸಲಿ. ಹಾಲಿಗೆ, ಸೀಟಿ ಹೊಡೆಯುವ ಎರಡು ಪದರದ ಹಾಲಿನ ಕುಕ್ಕರ್ ಹಳೆಯ ಮನೆಗಳಲ್ಲಿ ಈಗಲೂ ಇರುತ್ತದೆ, ಹುಡುಕಿ ತೆಗೆಯಿರಿ. ಇಲ್ಲವೇ ಹೊತ್ತು ಮುಗಿದಾಗ ತಾನೇ ಆರುವ ಇಂಡಕ್ಷನ್ ಒಲೆ ಬಳಸಿ. ಒಲೆ ಉರಿಯುತ್ತಿರುವಾಗ ಬಾಗಿಲಿನ ಕರೆಗಂಟೆ ಬಾರಿಸಿದರೆ ಮೊದಲು ಒಲೆ ಆರಿಸಿ ಆಮೇಲೆ ಬಾಗಿಲಿಗೆ ಹೋಗುವುದು ಎಂಬ ಒಂದೇ ನಿಯಮವನ್ನು, ನೀವು ಬೇಕೆಂದೇ ಕರೆಗಂಟೆ ಒತ್ತಿ, ಹತ್ತಾರು ಬಾರಿ ಅಭ್ಯಾಸ ಮಾಡಿಸಿ. ಬಾಯಲ್ಲಿ ಹೇಳಿದ್ದು ನಿಲ್ಲದಿದ್ದರೂ ಕೈ ಕಲಿತದ್ದು ನಿಲ್ಲುತ್ತದೆ. ಸಂಗತಿಗಳ ನೆನಪೂ ಕೈರೂಢಿಯ ನೆನಪೂ ಮೆದುಳಿನ ಬೇರೆ ಬೇರೆ ವ್ಯವಸ್ಥೆಗಳು, ಎರಡನೆಯದು ಇಂಥ ಪೆಟ್ಟಿನಲ್ಲಿ ಹೆಚ್ಚಾಗಿ ಉಳಿದುಕೊಂಡಿರುತ್ತದೆ. ಷರತ್ತು ಇಷ್ಟೇ: ಅಭ್ಯಾಸ ನಿಮ್ಮ ಮನೆಯ ಅಡುಗೆಮನೆಯಲ್ಲಿಯೇ, ಅದೇ ಒಲೆಯ ಮುಂದೆಯೇ ನಡೆಯಬೇಕು.

ಒಗ್ಗರಣೆ ಇವೆಲ್ಲಕ್ಕಿಂತ ಕಠಿಣ. ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದ ಮೇಲೆ ಉದ್ದಿನಬೇಳೆ, ಅದು ಕೆಂಪಾಗುವಷ್ಟರಲ್ಲಿ ಒಣಮೆಣಸಿನಕಾಯಿ, ಇಂಗು, ಕರಿಬೇವು. ಎಲ್ಲವೂ ಒಂದು ನಿಮಿಷದೊಳಗೆ. ಪೆಟ್ಟಾದ ಮೆದುಳು ತಪ್ಪು ಯೋಚಿಸುತ್ತದೆ ಎನ್ನುವುದಕ್ಕಿಂತ ನಿಧಾನವಾಗಿ ಯೋಚಿಸುತ್ತದೆ ಎನ್ನುವುದು ಹೆಚ್ಚು ಸರಿ. 2000ದಲ್ಲಿ ನೆದರ್ಲೆಂಡ್ಸಿನ ಲೂಚಿಯಾನೊ ಫಸೊಟ್ಟಿ ಮತ್ತು ಸಂಗಡಿಗರು ತೀವ್ರ ತಲೆಪೆಟ್ಟಾದವರಿಗೆ ಕಲಿಸಿದ್ದು ಇದನ್ನೇ: ವೇಗವನ್ನು ಹೆಚ್ಚಿಸಿಕೊಳ್ಳಲು ಹೆಣಗುವುದರ ಬದಲು ಅವಸರವನ್ನು ಮುಂಚಿತವಾಗಿ ತೆಗೆದುಹಾಕುವುದು. ಎಣ್ಣೆ ಬಿಸಿಯಾಗುವ ಮೊದಲೇ ಎಲ್ಲವನ್ನೂ ಚಿಕ್ಕ ಬಟ್ಟಲುಗಳಲ್ಲಿ ಎಡದಿಂದ ಬಲಕ್ಕೆ ಹಾಕುವ ಕ್ರಮದಲ್ಲಿ ಸಾಲಾಗಿ ಜೋಡಿಸಿದರೆ, ಏನು ಹಾಕಬೇಕೆಂದು ಯೋಚಿಸುವ ಕೆಲಸ ಒಲೆ ಹಚ್ಚುವ ಮೊದಲೇ ಮುಗಿದಿರುತ್ತದೆ. ಒಂದು ಮಾತನ್ನು ಇಲ್ಲಿ ಕೇಳಬಹುದಾದರೆ: ಅಡುಗೆಯನ್ನು ಅವರೇ ಮಾಡಲೇಬೇಕೇ? ಅವರಿಗೆ ಅದು ಬೇಕೆನಿಸಿದರೆ ಮೇಲಿನದೆಲ್ಲವೂ ಉಪಯುಕ್ತ. ಅವರ ಮನಸ್ಸೆಲ್ಲ ಶಾಲೆಯ ಮೇಲಿದ್ದರೆ, ದಿನದ ಶಕ್ತಿಯನ್ನು ಒಗ್ಗರಣೆಗೆ ವ್ಯಯಿಸದೆ, ಅದನ್ನು ನೀವು ವಹಿಸಿಕೊಳ್ಳುವುದೇ ಜಾಣತನ.

ನೆನಪಿನ ಪುಸ್ತಕದ ಬಗ್ಗೆ ಎಲ್ಲರೂ ಸಲಹೆ ಕೊಡುತ್ತಾರೆ, ಆದರೆ ತಂದುಕೊಟ್ಟ ಪುಸ್ತಕ ಒಂದು ವಾರದಲ್ಲಿ ಮೂಲೆ ಸೇರುತ್ತದೆ. ಬರೆದದ್ದನ್ನು ತೆರೆದು ನೋಡಬೇಕೆಂಬುದೂ ನೆನಪಿಡಬೇಕಾದ ಸಂಗತಿಯೇ ಆಗಿರುವುದು ಇದಕ್ಕೆ ಕಾರಣ. 1989ರಲ್ಲಿ ಅಮೆರಿಕದ ಸೋಲ್‌ಬರ್ಗ್ ಮತ್ತು ಮಟೀರ್ ಎಂಬ ಇಬ್ಬರು ತಜ್ಞೆಯರು ಇದನ್ನು ಮೂರು ಹಂತದಲ್ಲಿ ಕಲಿಸಿದರು: ಪುಸ್ತಕದ ಯಾವ ಭಾಗದಲ್ಲಿ ಏನಿದೆ ಎಂಬುದು ಮೊದಲು, ಯಾವ ಸಂದರ್ಭದಲ್ಲಿ ಏನು ಬರೆಯಬೇಕೆಂಬುದು ಅನಂತರ, ಮನೆಯ ಹೊರಗೆ ನಿಜವಾದ ಕೆಲಸದಲ್ಲಿ ಬಳಸುವುದು ಕೊನೆಗೆ. ನಿಮ್ಮ ಪತ್ನಿಯ ವಿಷಯದಲ್ಲಿ ಒಂದು ಅನುಕೂಲವಿದೆ. ಶಿಕ್ಷಕಿಯಾಗಿ ವರ್ಷಗಟ್ಟಲೆ ಪಾಠಯೋಜನೆ ಬರೆದ ಕೈ ಅದು. ಹೊಸ ಬಗೆಯ ಡೈರಿಯ ಬದಲು ಅದೇ ಅಳತೆಯ ಪುಸ್ತಕ, ಅದೇ ಅಂಕಣಗಳು, ಅವಧಿಯ ಜಾಗದಲ್ಲಿ ಮನೆಯ ಕೆಲಸ, ಮುಗಿದ ಮೇಲೆ ಷರಾ. ಹಳೆಯ ರೂಢಿಯೇ ಹೊಸ ಕೆಲಸವನ್ನು ಹೊತ್ತುಕೊಳ್ಳುತ್ತದೆ. ಮನೆಗೆ ಒಂದೇ ಪುಸ್ತಕವಿರಲಿ. ಚೀಟಿ, ಅಂಗೈ, ವಾಟ್ಸಾಪ್, ಕ್ಯಾಲೆಂಡರಿನ ಅಂಚು ಎಂದು ನಾಲ್ಕು ಕಡೆ ಬರೆದರೆ ಎಲ್ಲಿ ಬರೆದೆ ಎಂಬುದನ್ನೇ ಹುಡುಕಬೇಕಾಗುತ್ತದೆ. ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ ಪುಸ್ತಕ ತೆರೆಯುವುದನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀವು ಜೊತೆಯಲ್ಲಿ ಕುಳಿತು ಮಾಡಿ. ಆರಂಭದ ಕೆಲವು ವಾರ ನೀವೇ ತೆರೆದುಕೊಡಬೇಕಾದರೂ ಬೇಸರಿಸಬೇಡಿ.

ನಮ್ಮ ಅಜ್ಜಿಯರು ಏನನ್ನಾದರೂ ಮರೆಯಬಾರದೆಂದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ಗಂಟು ‘ಏನೋ ಇದೆ’ ಎಂದು ಹೇಳುತ್ತಿತ್ತೇ ಹೊರತು ಏನು ಎಂದು ಹೇಳುತ್ತಿರಲಿಲ್ಲ. ಅಷ್ಟು ಸಾಕಾಗುತ್ತಿತ್ತು, ಏಕೆಂದರೆ ಉಳಿದದ್ದು ತಲೆಯಲ್ಲಿ ಇರುತ್ತಿತ್ತು. ಮೊಬೈಲಿನ ಬರೀ ಅಲಾರಾಂ ಕೂಡ ಸೆರಗಿನ ಗಂಟೇ. ನಿಮ್ಮ ಪತ್ನಿ ಅದನ್ನು ಆರಿಸಿ, ಏಕೆ ಹೊಡೆಯಿತೆಂದು ತಿಳಿಯದೆ ನಿಲ್ಲುತ್ತಾರೆ. ಆದ್ದರಿಂದ ಅಲಾರಾಮಿನ ಹೆಸರಿನಲ್ಲಿ ಕೆಲಸವನ್ನೇ ಬರೆಯಿರಿ: ‘ಟ್ಯಾಂಕಿನ ಮೋಟಾರು ಆರಿಸು’, ‘ಮಗುವಿನ ಶಾಲೆಯ ವ್ಯಾನಿಗೆ ಹೊರಡು’. ಕೆಲಸದ ಸಮಯಕ್ಕೆ ಬಹಳ ಮುಂಚೆ ಅಲಾರಾಂ ಇಡಬೇಡಿ. ಐದು ನಿಮಿಷದ ಅಂತರದಲ್ಲಿಯೇ ವಿಷಯ ಜಾರಿಹೋಗಬಹುದು. ಬ್ರಿಟನ್ನಿನಲ್ಲಿ ಬಾರ್ಬರಾ ವಿಲ್ಸನ್ ಅವರ ತಂಡ 143 ಮಂದಿಯ ಮೇಲೆ ಇಂಥ ಪ್ರಯೋಗ ನಡೆಸಿ 2001ರಲ್ಲಿ ಪ್ರಕಟಿಸಿತು. ಆಗ ಸ್ಮಾರ್ಟ್‌ಫೋನ್ ಇರಲಿಲ್ಲ, ಸೊಂಟಕ್ಕೆ ಸಿಕ್ಕಿಸುವ ಪೇಜರಿಗೆ ಹೊತ್ತುಹೊತ್ತಿಗೆ ಸಂದೇಶ ಬರುತ್ತಿತ್ತು. ಪ್ರಯೋಗ ಪೂರೈಸಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ದಿನನಿತ್ಯದ ಕೆಲಸಗಳನ್ನು ಮೊದಲಿಗಿಂತ ಚೆನ್ನಾಗಿ ನಿಭಾಯಿಸಿದರು. ಇಪ್ಪತ್ತು ಅಲಾರಾಂ ಇಟ್ಟರೆ ಎಲ್ಲವೂ ಗದ್ದಲವಾಗುತ್ತದೆ. ಮೂರರಿಂದ ಆರಂಭಿಸಿ.

ನೆಂಟರು ಬಂದಾಗಿನ ಸಿಟ್ಟನ್ನು ಸ್ವಭಾವದ ಬದಲಾವಣೆ ಎಂದು ನೋಡುವ ಮೊದಲು ದಣಿವು ಎಂದು ನೋಡಿ. ಟಿ.ವಿ., ಮಿಕ್ಸಿ, ಮಕ್ಕಳ ಗಲಾಟೆ ಮತ್ತು ನಾಲ್ವರ ಮಾತು ಒಟ್ಟಿಗೆ ಬಂದಾಗ ಬೇಡದ ಸದ್ದನ್ನು ತಳ್ಳಿಹಾಕುವ ಶಕ್ತಿ ಪೆಟ್ಟಾದ ಮೆದುಳಿಗೆ ಕಡಿಮೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರುವುದು, ಟಿ.ವಿ. ಆರಿಸುವುದು, ಅರ್ಧ ಗಂಟೆಗೊಮ್ಮೆ ಕೋಣೆಗೆ ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಲು ಅವರಿಗೆ ಮುಜುಗರವಿಲ್ಲದ ಅವಕಾಶ ಕೊಡುವುದು, ಇವು ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಲೆಕ್ಕ, ಬ್ಯಾಂಕು, ಯುಪಿಐ ಪಾವತಿಯಂಥ ಕೆಲಸಗಳನ್ನು ತಲೆ ತಿಳಿಯಾಗಿರುವ ಬೆಳಗಿನ ಹೊತ್ತಿಗೆ ಇಡಿ. ಯುಪಿಐಗೆ ಸಣ್ಣ ಮೊತ್ತವಿರುವ ಬೇರೆ ಖಾತೆಯನ್ನು ಜೋಡಿಸಿದರೆ ಅವರ ಸ್ವಾತಂತ್ರ್ಯವೂ ಉಳಿಯುತ್ತದೆ, ಎರಡು ಬಾರಿ ಪಾವತಿಸಿದರೂ ದೊಡ್ಡ ನಷ್ಟವಾಗುವುದಿಲ್ಲ. ಏನೂ ತೋಚದಾದಾಗ ಹೇಳಿಕೊಳ್ಳಲು ಒಂದೇ ಪದ ಕಲಿಸುವುದು ವಾಡಿಕೆ: ‘ನಿಲ್ಲು’. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ‘ನಾನು ಏನು ಮಾಡಲು ಹೊರಟಿದ್ದೆ?’ ಎಂದು ಜೋರಾಗಿ ಹೇಳಿ, ಪುಸ್ತಕ ನೋಡಿ, ಮತ್ತೆ ಆರಂಭಿಸುವುದು. ಐರ್ಲೆಂಡಿನ ಇಯಾನ್ ರಾಬರ್ಟ್‌ಸನ್, ಕೆನಡಾದ ಬ್ರಯನ್ ಲೆವಿನ್ ಮುಂತಾದವರು ರೂಪಿಸಿದ ತರಬೇತಿಯ ತಿರುಳು ಇದೇ.

ಸುಡೊಕು ಆಡಿದರೆ ಸುಡೊಕು ಚೆನ್ನಾಗಿ ಬರುತ್ತದೆ, ಮೊಬೈಲಿನ ಆಟ ಆಡಿದರೆ ಆ ಆಟದ ಅಂಕ ಏರುತ್ತದೆ. ಹಾಲು ಉಕ್ಕುವುದು ನಿಲ್ಲುವುದಿಲ್ಲ. ಖುಷಿಗೆ ಆಡುವುದಾದರೆ ಅಡ್ಡಿಯಿಲ್ಲ. ಗಮನವನ್ನು ಮಾತ್ರ ಕ್ರಮಬದ್ಧ ಅಭ್ಯಾಸದಿಂದ ಸ್ವಲ್ಪಮಟ್ಟಿಗೆ ಸುಧಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪುಗೊಂಡ ತರಬೇತಿಗಳಲ್ಲಿ ಬೆರೆಸಿದ ಕಾಳುಗಳನ್ನು ಬೇರ್ಪಡಿಸುವಂಥ, ಮನೆಯಲ್ಲಿಯೇ ಮಾಡಬಹುದಾದ ಅಭ್ಯಾಸಗಳಿವೆ, ಆದರೆ ಅವನ್ನು ತಜ್ಞರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ಏರಿಸಬೇಕು. ಬ್ರಾಹ್ಮಿಯಿಂದ ತಲೆಪೆಟ್ಟಿನ ಮರೆವು ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೊಡುವುದೇ ಆದರೆ ಈಗಿನ ಮಾತ್ರೆಗಳನ್ನು ಬರೆದುಕೊಟ್ಟ ವೈದ್ಯರಿಗೆ ತಿಳಿಸಿ ಕೊಡಿ.

ಶಾಲೆಯ ಬಗ್ಗೆ. ಎಂಟನೆಯ ತಿಂಗಳಲ್ಲಿ ‘ಆಗದು’ ಎಂದು ಯಾರೂ ಹೇಳಬಾರದು, ‘ಮುಂದಿನ ಸೋಮವಾರವೇ ಹೋಗಲಿ’ ಎಂದೂ ಹೇಳಬಾರದು. ಶಿಕ್ಷಕಿಯ ಕೆಲಸ ಒಂದೇ ಕೆಲಸವಲ್ಲ. ಹಲವು ವರ್ಷ ಕಲಿಸಿದ ಪಾಠವನ್ನು ಕಲಿಸುವುದು ಅವರಿಗೆ ಬಹುಶಃ ಎಲ್ಲಕ್ಕಿಂತ ಸುಲಭ. ಮೂರು ತರಗತಿಯ ಮಕ್ಕಳು ಗುಂಪುಗುಂಪಾಗಿ ಬೇರೆ ಬೇರೆ ಚಟುವಟಿಕೆಯಲ್ಲಿ ತೊಡಗಿರುವ ನಲಿ-ಕಲಿ ಕೋಣೆ ತುಂಬಾ ಕಷ್ಟ. ಬಿಸಿಯೂಟದ ದಾಸ್ತಾನಿನ ಲೆಕ್ಕ ಮತ್ತು ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ನಡುನಡುವೆ ಅಡಚಣೆ ಬರುವುದರಿಂದ, ಇನ್ನೂ ಕಷ್ಟ. ಮೊದಲು ಮನೆಯಲ್ಲಿ ನೆರೆಯ ಇಬ್ಬರು ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ ಪಾಠ ಹೇಳಲಿ. ಅನಂತರ ನೆನಪು, ಗಮನ, ಯೋಜಿಸುವ ಶಕ್ತಿಗಳನ್ನು ಅಳೆಯುವ ನರಮನೋವೈಜ್ಞಾನಿಕ ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್ 2004ರಲ್ಲಿ ಸಿದ್ಧಪಡಿಸಿದ ಪರೀಕ್ಷೆಗಳಿಗೆ ಇಲ್ಲಿನವರ ವಯಸ್ಸು ಮತ್ತು ವಿದ್ಯಾಭ್ಯಾಸಕ್ಕೆ ತಕ್ಕ ಮಾನದಂಡಗಳಿವೆ. ಆ ವರದಿ ಎರಡು ರೀತಿಯಲ್ಲಿ ಬೇಕು: ಯಾವ ಕೆಲಸದಿಂದ ಆರಂಭಿಸಬೇಕೆಂದು ತಿಳಿಯಲು, ಮತ್ತು ಇಲಾಖೆಗೆ ಕೊಡಲು.

ಈ ಎರಡನೆಯದನ್ನು ವಿವರಿಸಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಈಗಿನ ಹುದ್ದೆಯನ್ನು ನಿರ್ವಹಿಸಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು, ಅಂಥದ್ದು ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಆದರೆ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ತಲೆಪೆಟ್ಟು ಎಂಬ ಪ್ರತ್ಯೇಕ ಹೆಸರಿಲ್ಲ. ಓಡಾಡುವ, ಮಾತನಾಡುವ ಶಿಕ್ಷಕಿಯನ್ನು ನೋಡಿ ‘ಇವರಿಗೇನಾಗಿದೆ?’ ಎಂದು ನಿಮ್ಮ ಅಕ್ಕನಂತೆಯೇ ಕಚೇರಿಯವರೂ ಕೇಳುತ್ತಾರೆ. ಆಗ ಅಂಕಿಅಂಶಗಳಿರುವ ವರದಿ ಮಾತನಾಡಬೇಕಾಗುತ್ತದೆ. ಈಗಿನಿಂದಲೇ ಅವರ ದಿನಚರಿ ಪುಸ್ತಕದಲ್ಲಿ ಯಾವ ಕೆಲಸ ನೆರವಿಲ್ಲದೆ ಆಯಿತು, ಯಾವುದಕ್ಕೆ ನೀವು ನೆನಪಿಸಬೇಕಾಯಿತು ಎಂಬುದನ್ನು ಷರಾ ಅಂಕಣದಲ್ಲಿ ಬರೆಯುತ್ತ ಬನ್ನಿ. ಪರೀಕ್ಷೆಗೆ ಹೋಗುವಾಗ ಆ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.

ಕೊನೆಯದಾಗಿ, ‘ನನ್ನ ಸ್ಕೂಟರಿನ ಹಿಂದೆ’ ಎಂದು ಬರೆದಿದ್ದೀರಿ. ಆ ಪದಗಳ ಭಾರ ನನಗೆ ಅರ್ಥವಾಗುತ್ತದೆ. ಆ ಭಾರದಿಂದಲೇ ಅವರ ಎಲ್ಲ ಕೆಲಸವನ್ನೂ ನೀವು ಮಾಡಿಕೊಡಲು ಹೊರಟರೆ ಅಭ್ಯಾಸಕ್ಕೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಾಳೆ ಬೆಳಿಗ್ಗೆ ಉಪ್ಪಿನ ಬಟ್ಟಲನ್ನು ಅವರೇ ತುಂಬಲಿ, ನೀವು ಪಕ್ಕದಲ್ಲಿ ನಿಂತಿರಿ.